ಸ್ಲೋ ಲೈನಿನ ಕಾಗದ

ಕಳೆದ ವಾರ ವಾಶಿಯ ಒಂದು ಆಫೀಸಿಗೆ ಫೋನ್ ಮಾಡಿದೆ. ಅವರ ಕಾರ್ಡಿನಲ್ಲಿ ಎರಡು ನಂಬರುಗಳಿದ್ದವು. ಯಾವುದು ಯಾವುದೆಂದು ನೋಡದೆ ಮೊದಲನೆಯದನ್ನು ಒತ್ತಿದೆ. ಆ ಕಡೆಯಿಂದ ಯಾರೂ 'ಹಲೋ' ಅನ್ನಲಿಲ್ಲ. ಫ್ಯಾಕ್ಸ್ ಯಂತ್ರವೊಂದು ಫೋನೆತ್ತಿ ನನ್ನ ಕಿವಿಯೊಳಗೇ ಕಿರುಚಿತು. ಪಕ್ಕದ ಮೇಜಿನ ಹುಡುಗಿಗೂ ಅದು ಕೇಳಿಸಿತು. "ಅರೇ, ಕಟ್ ಕರ್ ನಾ!" ಎಂದಳು. ನಾನು ಕಟ್ ಮಾಡಲಿಲ್ಲ. ಯಂತ್ರ ತನ್ನ ಪಾಡಿಗೆ ಕೂಗಿ, ಉತ್ತರಕ್ಕೆ ಕಾದು, ಸಿಗದೆ ಸುಮ್ಮನಾಗುವವರೆಗೂ ಫೋನ್ ಹಿಡಿದು ಕೂತಿದ್ದೆ. ಆ ಹುಡುಗಿ ನನ್ನ ಮುಖ ನೋಡಿದ ರೀತಿಯಿಂದ, ನಾನು ನಗುತ್ತಿದ್ದೆನೆಂದು ಗೊತ್ತಾಯಿತು.

ಈ ಕಿರುಚಾಟ ನಿಮಗೆ ನೆನಪಿದೆಯೋ ಇಲ್ಲವೋ. ಇಂಟರ್‌ನೆಟ್ಟು ಟೆಲಿಫೋನಿನ ತಂತಿಯ ಮೂಲಕ ಮನೆಗೆ ಬರುತ್ತಿದ್ದ ಕಾಲದಲ್ಲಿ ಅದು ಹೀಗೆ ಕೂಗುತ್ತಲೇ ಬರುತ್ತಿತ್ತು. ಮೊದಲು ಡಯಲ್ ಟೋನು, ಆಮೇಲೆ ಅಂಕಿಗಳು ಪಟಪಟನೆ ಒತ್ತಿಕೊಂಡ ಸದ್ದು, ಆಮೇಲೆ ಎರಡು ಬೆಕ್ಕುಗಳು ಮೆಟ್ಟಿಲಿನ ಮೇಲೆ ಎದುರಾದಂತೆ ಒಂದು ಕಚ್ಚಾಟ, ಕೊನೆಗೆ ಮೌನ. ಆ ಮೌನ ಬಂತೆಂದರೆ ಲೈನು ಸಿಕ್ಕಿತೆಂದು ಅರ್ಥ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಈ ಸದ್ದು ಎಲ್ಲರಿಗೂ ಸೇರಿದ್ದಾಗಿತ್ತು, ಕುಕ್ಕರಿನ ಸೀಟಿಯ ಹಾಗೆ.

ನಾನಾಗ ಕಾಲೇಜಿನಲ್ಲಿದ್ದೆ. ದಿನಚರಿ ಬರೆಯುವ ಚಟ ಆಗಲೇ ಅಂಟಿತ್ತು. ಬೇರೆ ಹುಡುಗಿಯರು ದಿನಚರಿಯಲ್ಲಿ ಮನಸ್ಸಿನ ಮಾತು ಬರೆದುಕೊಂಡರೆ ನಾನು ಯಾವ ಗಾಡಿ ತಡವಾಯಿತು, ಯಾವ ಲೈನು ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ಬರೆಯುತ್ತಿದ್ದೆ. ಸಿಗದಿದ್ದಾಗೆಲ್ಲ ಒಂದು ಗೀಟು; ನಾಲ್ಕು ಗೀಟಾದ ಮೇಲೆ ಒಂದು ಅಡ್ಡಗೀಟು. ಈಗ ತೆರೆದರೆ ಕೆಲವು ಪುಟಗಳು ಜೈಲಿನ ಗೋಡೆಯ ಹಾಗೆ ಕಾಣುತ್ತವೆ.

ಕಂಪ್ಯೂಟರು ದೊಡ್ಡಮ್ಮನ ಮಗ ಬಿಟ್ಟುಹೋದದ್ದು. ಅದಕ್ಕೆ ಯಾವುದೋ ವೈರಸ್ ಹತ್ತಿ ಎದ್ದು ನಿಲ್ಲಲಾರದ ಸ್ಥಿತಿಯಲ್ಲಿತ್ತು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸೀಡಿಯಿಂದ ನಾನು ಅದಕ್ಕೆ ಲಿನಕ್ಸ್ ಎಂಬ ಬೇರೆಯೇ ಆಪರೇಟಿಂಗ್ ಸಿಸ್ಟಂ ಹಾಕಿದೆ. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಸೀಡಿ ಕೈಯಲ್ಲಿತ್ತು, ಕಳೆದುಕೊಳ್ಳಲು ಏನೂ ಇರಲಿಲ್ಲ. ಒಳಗಿದ್ದ, ಫೋನಿನ ತಂತಿ ಸೇರಿಸುವ ಮೋಡೆಮ್ಮನ್ನು ಲಿನಕ್ಸ್ ಗುರುತಿಸಲೇ ಇಲ್ಲ. ಅಪ್ಪ ಗ್ರಾಂಟ್ ರೋಡಿನಿಂದ ಹೊರಗೆ ಇಡುವ ಮೋಡೆಮ್ಮು ತಂದರು. ಟಿಫಿನ್ ಡಬ್ಬಿಯಷ್ಟು ದೊಡ್ಡ ಕರಿಯ ಪೆಟ್ಟಿಗೆ, ಮುಂದೆ ಕೆಂಪು ದೀಪಗಳ ಸಾಲು.

ನಮ್ಮಲ್ಲಿ ಇಂಟರ್‌ನೆಟ್ಟು ಒಂದಲ್ಲ, ಮೂರು ಇದ್ದವು. ಶ್ರೀಮಂತಿಕೆ ಎಂದುಕೊಳ್ಳಬೇಡಿ, ಒಂದೂ ನೆಟ್ಟಗಿರದಿದ್ದಾಗ ಮೂರು ಬೇಕಾಗುತ್ತವೆ. ಒಂದು ಟೆಲಿಫೋನಿನ ಜೊತೆಗೇ ಬಂದದ್ದು. ಇನ್ನೊಂದು ಅಪ್ಪನ ಹೋಟೆಲಿನ ಗಿರಾಕಿಯೊಬ್ಬರು ಮಾರುತ್ತಿದ್ದ ಪ್ಯಾಕು. ಮೂರನೆಯದು ದೊಡ್ಡಮ್ಮನ ಮಗ ಅರ್ಧ ಬಳಸಿ ಬಿಟ್ಟದ್ದು. ಪ್ರತಿಯೊಂದಕ್ಕೂ ಬೇರೆ ನಂಬರು, ಬೇರೆ ಹೆಸರು, ಬೇರೆ ಗುಟ್ಟಿನ ಪದ. ಲಿನಕ್ಸಿನಲ್ಲಿ ಇವನ್ನೆಲ್ಲ ಒಂದು ಸಾದಾ ಫೈಲಿನಲ್ಲಿ ಬರೆದಿಡಬೇಕಿತ್ತು. ಮೇಲ್ಗಡೆ ಮೂರಕ್ಕೂ ಸಾಮಾನ್ಯವಾದ ಸಂಗತಿಗಳು, ಕೆಳಗೆ ಒಂದೊಂದಕ್ಕೆ ಒಂದೊಂದು ಹೆಸರು ಕೊಟ್ಟು ಅದರದರ ವಿವರ. ಆಮೇಲೆ ಹೆಸರು ಹೇಳಿ ಕರೆದರೆ ಸಾಕು, ಮೋಡೆಮ್ಮು ಅದನ್ನೇ ಕೂಗಿ ಕರೆಯುತ್ತದೆ. ಏನು ಹೆಸರಿಡುವುದು? ಡೊಂಬಿವಲಿಯಲ್ಲಿ ಬೆಳೆದವರಿಗೆ ಯೋಚಿಸಬೇಕಾದ್ದೇ ಇಲ್ಲ. ನಮ್ಮ ಲೋಕಲ್ ಗಾಡಿಗಳ ಹೆಸರೇ: ಸ್ಲೋ, ಫಾಸ್ಟ್, ಸೆಮಿಫಾಸ್ಟ್.

ಟೆಲಿಫೋನಿನ ಜೊತೆ ಬಂದದ್ದು ಸ್ಲೋ. ನಿಧಾನ, ಹಲವು ಸಲ ಎಂಗೇಜು, ಆದರೆ ಒಮ್ಮೆ ಹತ್ತಿತೆಂದರೆ ಇಳಿಸುತ್ತಿರಲಿಲ್ಲ. ಫಾಸ್ಟ್ ಒಂದೇ ಸಲಕ್ಕೆ ಸಿಗುತ್ತಿತ್ತು. ಆದರೆ ಫಾಸ್ಟ್ ಗಾಡಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವುದಿಲ್ಲವಲ್ಲ. ನಮ್ಮ ಇಮೇಲ್ ವಿಳಾಸ ಸ್ಲೋನವರು ಕೊಟ್ಟದ್ದು. ಬಂದ ಪತ್ರಗಳನ್ನು ಯಾವ ಲೈನಿನಿಂದ ಬೇಕಾದರೂ ಇಳಿಸಿಕೊಳ್ಳಬಹುದು. ಹೊರಗೆ ಕಳಿಸುವುದು ಮಾತ್ರ ಸ್ಲೋನಿಂದಲೇ ಆಗಬೇಕು. ಬೇರೆಯವರ ಬಾಗಿಲಿನಿಂದ ಬಂದ ಪತ್ರವನ್ನು ಅವರು ಮುಟ್ಟುತ್ತಿರಲಿಲ್ಲ. ಹಾಗಾಗಿ ನಾನು ಒಂದು ವ್ಯವಸ್ಥೆ ಮಾಡಿದ್ದೆ. ಬರೆದ ಪತ್ರಗಳು ಸರತಿಯಲ್ಲಿ ಕಾದಿರುತ್ತಿದ್ದವು. ಸ್ಲೋ ಸಿಕ್ಕ ಕ್ಷಣ ತಾವಾಗಿಯೇ ಹೊರಡುತ್ತಿದ್ದವು. ಅದನ್ನು ಸರಿಮಾಡಿದ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ದಿನಚರಿಯಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡಿದ್ದೇನೆ.

ಅಮ್ಮನಿಗೆ ಈ ಹೆಮ್ಮೆಯಲ್ಲಿ ಪಾಲು ಬೇಕಿರಲಿಲ್ಲ. ನಾನು ಲೈನಿನಲ್ಲಿದ್ದಷ್ಟು ಹೊತ್ತು ಫೋನು ಸತ್ತ ಹಾಗೆ. ಅಪ್ಪ ಠಾಣೆಯ ನೌಪಾಡಾದ ಹೋಟೆಲಿನಿಂದ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ದಿನಾ ಒಂದು ಫೋನ್ ಮಾಡುತ್ತಿದ್ದರು. ವಿಷಯ ಏನೂ ಇರುತ್ತಿರಲಿಲ್ಲ. "ಊಟ ಆಯ್ತಾ?" ಅಷ್ಟೆ. "ಎಂತ ಮಾರಾಯ್ತಿ, ನಿನ್ನ ಡಬ್ಬ ಅರಚಿ ಮುಗೀತಾ ಇಲ್ವಾ?" ಎಂದು ಅಮ್ಮ ಒಳಗಿನಿಂದಲೇ ಕೂಗುತ್ತಿದ್ದರು. "ಹೋಟೆಲಲ್ಲಿ ಊರಿಗೆಲ್ಲ ಬಡಿಸಿ, ಮನೆಯವರು ತಿಂದ್ರಾ ಕೇಳ್ಲಿಕ್ಕೆ ಅವರಿಗೆ ಲೈನು ಸಿಗುದಿಲ್ಲ."

ಎದುರು ಮನೆಯ ದೇಸಾಯಿ ಕಾಕಾ ಬಂದು ಕೂತರೆ ಮಾತ್ರ ಅಮ್ಮ ಸುಮ್ಮನಿರುತ್ತಿದ್ದರು.

ಕಾಕಾ ಹುಬ್ಬಳ್ಳಿಯವರು. ಮುಲುಂಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಬೆಳಗಿನ ಲೋಕಲ್ಲಿನಲ್ಲಿ ಭಜನೆ ಮಾಡುತ್ತಾ ಹೋಗುವ ಮಂಡಳಿಗಳಿರುತ್ತವಲ್ಲ, ಅಂಥದೊಂದಕ್ಕೆ ಅವರೇ ಮುಖ್ಯ ದನಿ. ಮರಾಠಿಯವರ ನಡುವೆ ನಿಂತು ಮರಾಠಿ ಅಭಂಗ ಹಾಡಿ, ಠಾಣೆ ದಾಟಿದ ಮೇಲೆ ಸದ್ದಿಲ್ಲದೆ ಒಂದು ಕನ್ನಡ ದಾಸರ ಪದ ತುರುಕುತ್ತಿದ್ದರಂತೆ. ಇಳಿಯುವ ಆತುರದಲ್ಲಿ ಯಾರೂ ಆಕ್ಷೇಪಿಸುತ್ತಿರಲಿಲ್ಲವಂತೆ. ಅದಕ್ಕಿಂತ ದೊಡ್ಡ ಹೆಸರು ಮಂಗಳಾಷ್ಟಕದಲ್ಲಿ. ಅವರ ಕಡೆಯ ಮದುವೆಗಳಲ್ಲಿ ಅಂತರಪಟ ಹಿಡಿದಾಗ ಪುರೋಹಿತರ ಜೊತೆ ಮನೆಯವರೂ ತಾವೇ ಕಟ್ಟಿದ ಪದ್ಯಗಳನ್ನು ಹಾಡುತ್ತಾರೆ. ವಧುವರರ ಹೆಸರು, ಊರು, ಅಜ್ಜಿಯ ತುಂಟತನ ಎಲ್ಲ ಅದರೊಳಗೆ ಬರಬೇಕು. ದೇಸಾಯಿ ಮನೆತನದಲ್ಲಿ ಆ ಕೆಲಸ ಕಾಕಾನದು. ಕಟ್ಟುವವರೂ ಅವರೇ, ಹಾಡುವವರೂ ಅವರೇ.

ಆಮೇಲೆ ಗಂಟಲಿನಲ್ಲಿ ಗಡ್ಡೆಯಾಯಿತು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ಕುತ್ತಿಗೆಯ ಮುಂದೆ ಒಂದು ತೂತು, ಅದರ ಮೇಲೆ ಅವರ ಹೆಂಡತಿ ಶಾಂತಾ ಕಾಕು ದಿನಾ ಒಗೆದು ಕಟ್ಟುವ ಬಿಳಿ ಬಟ್ಟೆ. ಜೊತೆಯಲ್ಲಿ ಯಾವಾಗಲೂ ಮಕ್ಕಳ ಪಾಟಿ, ಬಳಪ. ನಾವು ಕರಾವಳಿಯವರು ಸ್ಲೇಟು ಅನ್ನುವುದನ್ನು ಅವರು ಪಾಟಿ ಅನ್ನುತ್ತಾರೆ.

ಅವರಿಗೆ ದನಿ ಹೋದದ್ದಕ್ಕಿಂತ ನೋವಾದದ್ದು ಬೇರೆ. ಊರಿನಿಂದ ಫೋನ್ ಬಂದಾಗ ಎಲ್ಲರೂ ಕಾಕುವಿನ ಜೊತೆ ಮಾತಾಡುತ್ತಿದ್ದರು. "ಹೆಂಗಿದ್ದಾರ? ಉಣ್ತಾರೇನು?" ಎಂದು ಕೇಳುತ್ತಿದ್ದರು, ಆ ಮನುಷ್ಯ ಅಲ್ಲೇ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿಲ್ಲವೇನೋ ಎಂಬಂತೆ. ಇಮೇಲಿನಲ್ಲಿ ಮಾತ್ರ ಜನ ಅವರನ್ನೇ ಮಾತಾಡಿಸುತ್ತಿದ್ದರು. ಅಲ್ಲಿ ಎಲ್ಲರೂ ಮೂಕರೇ ಅಲ್ಲವೇ. ಅವರ ಅಣ್ಣನ ಮಗಳು ಮಂಜಿರಿ ಹುಬ್ಬಳ್ಳಿಯ ಸೈಬರ್ ಕೆಫೆಯಿಂದ ಬರೆಯುತ್ತಿದ್ದಳು. ಕಾಕಾ ಪಾಟಿಯ ಮೇಲೆ ಎರಡೆರಡು ಸಾಲು ಬರೆದು ತೋರಿಸುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಕನ್ನಡ ಅಕ್ಷರ ನಮ್ಮ ಕಂಪ್ಯೂಟರಿಗೆ ಬರುತ್ತಿರಲಿಲ್ಲ. ಎಲ್ಲವೂ ಇಂಗ್ಲಿಷ್ ಅಕ್ಷರದ ಕನ್ನಡ. ನಾನು ಮುಗಿಸುವ ಮೊದಲೇ ಅವರು ಪಾಟಿ ಒರೆಸಿಬಿಡುತ್ತಿದ್ದರು. ಮಾತುಗಾರ ಮನುಷ್ಯ, ತಾಳ್ಮೆ ಎಲ್ಲಿಂದ ಬರಬೇಕು?

ಮೋಡೆಮ್ಮು ಕಿರುಚಲು ಶುರುಮಾಡಿದಾಗೆಲ್ಲ ಅವರು ತಮ್ಮ ಕುತ್ತಿಗೆಯ ಬಟ್ಟೆ ಮುಟ್ಟಿ ತೋರಿಸಿ ಪಾಟಿಯ ಮೇಲೆ ಬರೆಯುತ್ತಿದ್ದರು: "ಇದರ ಗಂಟಲಾನೂ ಕೆಟ್ಟದ." ನನ್ನ ಸ್ಲೋ, ಫಾಸ್ಟ್ ಕೇಳಿ ಇನ್ನೊಂದು ಸಲ ಬರೆದದ್ದು: "ತಂಗಿ, ನೀ ರೈಲ್ವೆದಾಗ ನೌಕರಿ ಹಿಡಿ. ಅನೌನ್ಸಮೆಂಟ್ ನಾ ಮಾಡ್ತೇನಿ."

ಮಂಜಿರಿಗೆ ಮದುವೆ ಗೊತ್ತಾಯಿತು. ಹುಡುಗ ಠಾಣೆಯವನು. ಮದುವೆ ನೌಪಾಡಾದ ಕಲ್ಯಾಣಮಂಟಪದ ಹಾಲಿನಲ್ಲಿ, ಅಪ್ಪನ ಹೋಟೆಲಿಗೆ ಹತ್ತಿರವೇ. ಹುಬ್ಬಳ್ಳಿಯ ದೇಸಾಯಿಗಳೆಲ್ಲ ರೈಲು ಹತ್ತಿ ಬರುವವರು. ಡೊಂಬಿವಲಿಯ ದೇಸಾಯಿಗೆ ಅದು ಲೋಕಲ್ಲಿನಲ್ಲಿ ನಾಲ್ಕೈದು ಸ್ಟೇಷನ್ನು. ಕಾಕಾನ ಅಣ್ಣ ಫೋನಿನಲ್ಲಿ ಕಾಕುವಿಗೆ ಹೇಳಿ ಆಗಿತ್ತು. ಕಾಕಾ ಮಾತ್ರ ಮಂಜಿರಿಯ ಪತ್ರಕ್ಕೆ ಕಾಯುತ್ತಿದ್ದರು. ಅವಳು ಚಿಕ್ಕವಳಿದ್ದಾಗ, "ನಿನ್ನ ಮದಿವ್ಯಾಗ ಎಂಟಲ್ಲ, ಹದಿನಾರು ಪದ್ಯ ಹಾಡ್ತೇನಿ" ಎಂದು ಮಾತು ಕೊಟ್ಟಿದ್ದರಂತೆ. ಆ ಮಾತಿಗೆ ಅವಳು ಏನು ಹೇಳುತ್ತಾಳೆ ಎಂಬುದು ಅವರಿಗೆ ತಿಳಿಯಬೇಕಿತ್ತು.

ಪತ್ರ ಬಂತು. ಫಾಸ್ಟ್ ಲೈನಿನಲ್ಲಿ ಇಳಿಸಿಕೊಂಡೆ. ಕಾಕಾ ಕನ್ನಡಕ ಒರೆಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ತಾವೇ ಓದಿದರು. ಪೂರ್ಣವಿರಾಮವಿಲ್ಲ, ಅಲ್ಪವಿರಾಮವಿಲ್ಲ, ಕೆಫೆಯ ಗಡಿಬಿಡಿ. ಕೊನೆಯ ಸಾಲು ಇದು:

Kaka maduvige neevu bari akshata haakidra saaku

ಅವರು ಅದನ್ನು ಎಷ್ಟು ಹೊತ್ತು ನೋಡಿದರೋ. ಆಮೇಲೆ ಪಾಟಿಯ ಮೇಲೆ ಕನ್ನಡದಲ್ಲಿ ಬರೆದರು, ನನಗೆ ತೋರಿಸಲೆಂದಲ್ಲ, ತಾವೇ ಓದಿಕೊಳ್ಳಲೆಂದು: "ಮದುವಿಗೆ ನೀವು ಬರೀ ಅಕ್ಷತಾ ಹಾಕಿದ್ರ ಸಾಕು."

ಬರೀ ಅಕ್ಷತೆ. ಮೂರನೇ ಸಾಲಿನಲ್ಲಿ ಕೂತು, ನಾಲ್ಕು ಕಾಳು ತೂರಿ, ಊಟ ಮಾಡಿ ಹೋಗುವ ನೆಂಟನಂತೆ.

ನಾನೂ ಅದನ್ನು ಹಾಗೆಯೇ ಓದಿದ್ದೆ. ಕಾಕಾ ಪಾಟಿ ಒರೆಸಿದರು. ಉತ್ತರ ಬರೆಸಿದರು. ಆವತ್ತು ಅವರ ಅಕ್ಷರ ಬಹಳ ದುಂಡಗಿತ್ತು. "ಚಿ. ಮಂಜಿರಿಗೆ ಆಶೀರ್ವಾದಗಳು. ನನ್ನ ತಬ್ಯೇತು ಬರೋಬರಿ ಇಲ್ಲ, ಆರಾಮಿಲ್ಲ. ಮದುವಿಗೆ ಬರೂದು ಆಗೂದಿಲ್ಲ. ಅಕ್ಷತಾ ಹಾಕಲಿಕ್ಕೆ ಮಂದಿ ಭಾಳ ಇದ್ದಾರ."

"ಕಾಕಾ, ನಾಳೆ ನೋಡಿ ಕಳಿಸುವಾ ಅಲ್ವಾ?" ಎಂದೆ.

ಅವರು ಬೆರಳಿನಿಂದ ಕೀಬೋರ್ಡನ್ನೇ ತಟ್ಟಿದರು. ಟೈಪ್ ಮಾಡಿದೆ. "ಹಾಕಿದ್ದೇನೆ ಕಾಕಾ" ಎಂದೆ. ಸರತಿಗೆ ಹಾಕಿದ್ದೇನೆ ಎಂಬುದು ನನ್ನ ಅರ್ಥ. ಅಂಚೆಗೆ ಹಾಕಿ ಆಯಿತು ಎಂಬುದು ಅವರು ತೆಗೆದುಕೊಂಡದ್ದು. ಎದ್ದು ಹೋದರು. ಆಮೇಲೆ ನಮ್ಮ ಮನೆ ಕಡೆ ಬರಲಿಲ್ಲ.

ಸ್ಲೋ ಆ ಸಂಜೆ ಎಂಗೇಜು. ಮರುದಿನವೂ ಎಂಗೇಜು. ಗೀಟುಗಳ ಮೇಲೆ ಅಡ್ಡಗೀಟು ಬಿತ್ತು. ಅದರ ಮರುದಿನ ಮಧ್ಯಾಹ್ನ ಇನ್ನೊಮ್ಮೆ ಸ್ಲೋ ಒತ್ತಿ ಕೂತಿದ್ದೆ. ಆಗ ಶಾಂತಾ ಕಾಕು ಮೊಸರಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದರು. ಹೆಪ್ಪು ನೆಪ. ಅಮ್ಮ ಬಟ್ಟಲು ಒಳಗೆ ಒಯ್ದದ್ದೇ ತಡ, ನನ್ನ ಪಕ್ಕ ಬಂದು ನಿಂತರು.

"ತಂಗಿ, ಆ ಹುಡುಗಿ ಏನ್ ಬರದಾಳವ್ವಾ? ಇವರು ಮಾರಿ ಗಂಟ್ ಹಾಕ್ಕೊಂಡು ಕೂತಾರ. ಮದಿವಿಗೆ ನೀನ ಹೋಗು ಅಂತ ಪಾಟಿ ಮ್ಯಾಲ ಬರದ್ರು. ನನಗ ಇಂಗ್ಲೀಷ್ ಅಕ್ಷರ ಬರೂದಿಲ್ಲ. ಒಂದೀಟು ಬಾಯಿ ಬಿಟ್ಟು ಓದು."

ಮೋಡೆಮ್ಮು ಅಂಕಿಗಳನ್ನು ಒತ್ತುತ್ತಿತ್ತು. ನಾನು ಪತ್ರ ತೆರೆದು ಓದಿದೆ. ನಮ್ಮ ಉಡುಪಿ ಕಡೆಯ ಸಪಾಟು ಓದು, ಯಾವ ಅಕ್ಷರಕ್ಕೂ ಒತ್ತಿಲ್ಲದೆ, ಪಾಠ ಒಪ್ಪಿಸುವ ಹಾಗೆ. "ಕಾಕಾ ಮದುವಿಗೆ ನೀವು ಬರಿ ಅಕ್ಷತಾ ಹಾಕಿದ್ರ ಸಾಕು."

"ಏನಂದಿ? ಇನ್ನೊಮ್ಮೆ?"

ಇನ್ನೊಮ್ಮೆ ಓದಿದೆ. ಕಾಕು ಹಣೆ ಚಚ್ಚಿಕೊಂಡರು.

"ಅಯ್ಯ ನಮ್ಮವ್ವ! 'ಬರೀ' ಅಲ್ಲಾ! 'ಬರ್ರಿ'! ಕಾಕಾ, ಮದಿವಿಗೆ ನೀವು ಬರ್ರಿ. ಅಕ್ಷತಾ ಹಾಕಿದ್ರ ಸಾಕು. ನೀವು ಬಂದು ಕಾಳು ಹಾಕಿದ್ರ ನನಗ ಅಷ್ಟ ಸಾಕು ಅಂತ ಬರದಾಳ ಕೂಸು! ಹಾಡಬೇಕಂತ ಸಂಕಟಪಟಗೊಳ್ಳಬ್ಯಾಡ್ರಿ ಅಂತ!"

ನಮ್ಮಲ್ಲಿ 'ಬನ್ನಿ' ಅನ್ನುತ್ತೇವೆ. 'ಬರ್ರಿ' ನನ್ನ ನಾಲಿಗೆಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕಣ್ಣಿಗೂ ಕಂಡಿರಲಿಲ್ಲ. ಕಾಕಾನ ನಾಲಿಗೆಯಲ್ಲಿತ್ತು. ಆದರೆ ಅವರು ಎದುರುನೋಡುತ್ತಿದ್ದದ್ದು ಪೆಟ್ಟನ್ನು, ಓದಿದ್ದೂ ಪೆಟ್ಟನ್ನೇ.

"ಇವರೇನು ಉತ್ತರಾ ಹಾಕ್ಯಾರೇನು?" ಎಂದು ಕಾಕು ಕೇಳುವ ಹೊತ್ತಿಗೆ ಮೋಡೆಮ್ಮು ಕಿರುಚತೊಡಗಿತು. ಎರಡು ದಿನ ಎಂಗೇಜಾಗಿದ್ದ ಸ್ಲೋ, ಈಗ, ಇದೇ ಗಳಿಗೆಯಲ್ಲಿ ಫೋನ್ ಎತ್ತಿತ್ತು. ಬೆಕ್ಕುಗಳ ಕಚ್ಚಾಟ ಮುಗಿದು ಮೌನ ಬಂತೆಂದರೆ, ನಾನು ಕೆಂಪು ಶಾಯಿಯಲ್ಲಿ ಬರೆದುಕೊಂಡ ನನ್ನ ಜಾಣ ವ್ಯವಸ್ಥೆ ತಾನಾಗಿಯೇ ಕೆಲಸ ಮಾಡುತ್ತಿತ್ತು. ಯಾವ ಕೀಲಿ ಒತ್ತಿದರೆ ನಿಲ್ಲುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಬಗ್ಗಿ, ಗೋಡೆಯಿಂದ ಟೆಲಿಫೋನಿನ ವಯರನ್ನೇ ಕಿತ್ತೆ. ಕಿತ್ತ ರಭಸಕ್ಕೆ ಗೋಡೆಯಲ್ಲಿದ್ದ ಫೋನಿನ ಪೆಟ್ಟಿಗೆಯೂ ಸುಣ್ಣವೂ ಜೊತೆಗೆ ಬಂದವು.

ಕಿರುಚಾಟ ಅರ್ಧಕ್ಕೆ ನಿಂತಿತು. ಸರತಿ ನೋಡಿದೆ. ಕಾಕಾನ ಪತ್ರ ಅಲ್ಲೇ ಇತ್ತು.

ಅಮ್ಮ ಹೆಪ್ಪಿನ ಬಟ್ಟಲು ಹಿಡಿದು ಹೊರಬಂದರು. "ಎಂತ ಇದು? ಗೋಡೆ ಯಾಕೆ ಒಡ್ದೆ?"

"ಛಲೋ ಆತು ಬಿಡ್ರಿ" ಎಂದರು ಕಾಕು. ಅವರು ನೆಲದ ಮೇಲೆ ಕೂತುಬಿಟ್ಟಿದ್ದರು.

ಕಾಕಾನನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಹೆಂಗಸರು ಸೇರಿ ಸಮಾಧಾನಕ್ಕೆಂದು ಅರ್ಥ ತಿರುಚುತ್ತಿದ್ದಾರೆ ಎಂದೇ ಅವರ ಗುಮಾನಿ. ಪರದೆಯ ಮುಂದೆ ಕೂರಿಸಿದೆವು. ಓದಿದರು. ಪಾಟಿಯ ಮೇಲೆ "ಬರೀ" ಎಂದು ಬರೆದರು. ಅದರ ಕೆಳಗೆ "ಬರ್ರಿ". ಎರಡನ್ನೂ ನೋಡುತ್ತಾ ಕೂತರು. ಕಾಕು ಬಾಗಿಲಿಗೆ ಒರಗಿ ನಿಂತಿದ್ದರು. "ನಾ ಒಬ್ಬಾಕಿ ಹೋಗಿ ಆ ಹಾಲಿನ್ಯಾಗ ಎಲ್ಲಾರಿಗೂ ಏನಂತ ಹೇಳ್ಲಿ? ನಿಮ್ಮ ಕಾಕಾಗ ಒಂದು 'ರ' ಕಡಿಮಿ ಬಿತ್ತು ಅಂತ ಹೇಳ್ಲೇನು?"

ಕಾಕಾನ ಹೆಗಲು ಕುಲುಕಿದವು. ನಗು ಬಂದಾಗ ಅವರಿಗೆ ಹಾಗಾಗುತ್ತಿತ್ತು. ಬಳಪ ತೆಗೆದುಕೊಂಡು ಮೂರನೆಯದೊಂದು ಬರೆದರು: "ಬರಿ." ಅದರ ಪಕ್ಕದಲ್ಲಿ: "ಸಣ್ಣಾಕಿ ಇದ್ದಾಗ ನನಗ 'ನೀ' ಅಂತಿದ್ಲು. ನೀ ಬರಿ. ಹಾಡೂದು ಬ್ಯಾಡ, ಬರಿ."

'ಬರಿ' ಎಂದರೆ ಅವರ ಕಡೆ 'ಬರೆ'. ಆವತ್ತೇ ಪದ್ಯ ಬರೆಯಲು ಕೂತರು. ಸರತಿಯಲ್ಲಿದ್ದ ಪತ್ರವನ್ನು ನಾನು ಅಳಿಸಿದೆ. ಅಳಿಸುವ ಮುನ್ನ ಅವರಿಗೆ ತೋರಿಸಿದೆ. ಹೋಗದೆ ಯಾಕೆ ಉಳಿಯಿತು ಎಂದು ಸನ್ನೆಯಲ್ಲೇ ಕೇಳಿದರು. ಸ್ಲೋ ಸಿಗಲಿಲ್ಲ ಕಾಕಾ, ಎಂದೆ.

ನೌಪಾಡಾದ ಹಾಲಿನಲ್ಲಿ ಅಂತರಪಟ ಹಿಡಿದಾಗ ಹಾಡಿದವರು ಶಾಂತಾ ಕಾಕು. ಮದುವೆಯಾದಾಗಿನಿಂದ ಗಂಡನ ದನಿಯ ಹಿಂದೆ ಕೂತಿದ್ದ ಹೆಂಗಸು. ಕೈಯಲ್ಲಿ ಕಾಕಾ ಬರೆದುಕೊಟ್ಟ ಪದ್ಯಗಳ ಕಾಗದ; ನಾನು ಹಿಂದಿನ ಸಾಲಿನಲ್ಲಿದ್ದೆ. ಮೊದಲ ಪದ್ಯದಲ್ಲಿ ಎರಡು ಸಲ ಶ್ರುತಿ ತಪ್ಪಿತು. ಕಾಕಾ ಪಕ್ಕದಲ್ಲಿ ನಿಂತು ಪಾಟಿಯ ಕಟ್ಟಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ಎರಡನೆಯದು ಪರವಾಗಿಲ್ಲ. ಮೂರನೆಯದರಲ್ಲಿ, "ಹುಬ್ಬಳ್ಳಿಯ ಬಾಲೆ ಠಾಣೆಗೆ ಬಂದಾಳ, ಗಾಡಿ ಹತ್ತುವಾಗ ಸಾವಧಾನ" ಎಂಬ ಸಾಲು ಬಂದಾಗ ಇಡೀ ಹಾಲು ನಕ್ಕಿತು, ಅಂತರಪಟದ ಹಿಂದಿನ ಮದುಮಗಳು ಎಲ್ಲರಿಗಿಂತ ಜೋರಾಗಿ. ಪ್ರತಿ ಪದ್ಯದ ಕೊನೆಗೆ ಜನ 'ಸಾವಧಾನ' ಎಂದು ಕೂಗುವಾಗ ಕಾಕಾನ ತುಟಿಗಳೂ ತೆರೆದು ಮುಚ್ಚುತ್ತಿದ್ದವು. ಅಷ್ಟು ಜನರ ದನಿಯಲ್ಲಿ ಯಾರದು ಕೇಳಿಸುತ್ತದೆ, ಯಾರದು ಇಲ್ಲ ಎಂದು ಯಾರಿಗೆ ಗೊತ್ತಾಗಬೇಕು.

ಊಟದ ಹೊತ್ತಿಗೆ ಕಾಕಾ ಮಂಜಿರಿಗೆ ಪಾಟಿ ತೋರಿಸಿ ಕೇಳಿದರು: "ಯಾವ ಬರಿ?" ಅವಳಿಗೆ ಮೊದಲು ಅರ್ಥವಾಗಲಿಲ್ಲ. ವಿವರಿಸಿದ ಮೇಲೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಕಾಕಾ! ಆ ಕೆಫೆದಾಗ ಆರ್ ಅಕ್ಷರ ಒತ್ತಿದ್ರ ಒಮ್ಮೆ ಏಳತದ, ಒಮ್ಮೆ ಇಲ್ಲ!"

ಮರುದಿನ ಕಾಕಾ ನಮ್ಮ ಮನೆಗೆ ಬಂದು, ಗೋಡೆಗೆ ಹೊಸದಾಗಿ ಮೆತ್ತಿದ ಸಿಮೆಂಟು ಮುಟ್ಟಿ ನೋಡಿ, ಪಾಟಿಯ ಮೇಲೆ ಬರೆದರು: "ಸ್ಲೋ ಅನಬ್ಯಾಡ ಅದಕ. ಸಾವಧಾನ ಅನ್ನು." ಫೈಲಿನಲ್ಲಿ ಹೆಸರು ಬದಲಿಸಿದೆ. ಡಯಲಪ್ಪಿನ ಕಾಲ ಮುಗಿಯುವವರೆಗೂ ನಮ್ಮಲ್ಲಿ ಫಾಸ್ಟ್, ಸೆಮಿಫಾಸ್ಟ್, ಸಾವಧಾನ ಎಂಬ ಮೂರು ಲೈನುಗಳಿದ್ದವು. ಕೆಲಸಕ್ಕೆ ಬಾರದ ಆ ಫೈಲು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನನ್ನ ಜೊತೆ ಬರುತ್ತಲೇ ಇದೆ.

ಕಾಕಾ, ಕಾಕು ಈಗ ಟಿಟ್ವಾಳಾದಲ್ಲಿದ್ದಾರೆ. ನಾನು ಐರೋಲಿಯಲ್ಲಿ. ಹಬ್ಬಕ್ಕೊಂದು ಮೆಸೇಜು, ಹುಟ್ಟಿದ ದಿನಕ್ಕೊಂದು ಮೆಸೇಜು. ಒಂದನ್ನೂ ತಪ್ಪಿಸಿಲ್ಲ, ದಿನಚರಿಯಲ್ಲಿ ಎಲ್ಲಕ್ಕೂ ಗುರುತು ಹಾಕಿದ್ದೇನೆ. ಅವರ ಮನೆಗೆ ಹೋದದ್ದು ಯಾವಾಗ ಎಂದು ಹುಡುಕಿದರೆ ಪುಟಗಳನ್ನು ಬಹಳ ಹಿಂದಕ್ಕೆ ತಿರುಗಿಸಬೇಕಾಯಿತು. ಕಳೆದ ವಾರ ಆ ಫ್ಯಾಕ್ಸು ಸುಮ್ಮನಾದ ಮೇಲೆ ಕಾಕಾನಿಗೆ ಬರೆದೆ: "ಇವತ್ತು ನಮ್ಮ ಡಬ್ಬದ ದನಿ ಕೇಳಿದೆ ಕಾಕಾ. ಅದರ ಗಂಟಲು ಇನ್ನೂ ಹಾಗೇ ಉಂಟು."

ಉತ್ತರ ಬರಲು ತಡವಾಯಿತು. ಮೊಬೈಲಿನಲ್ಲಿ ಈಗ ಕನ್ನಡ ಅಕ್ಷರಗಳಿವೆ. ಕಾಕಾ ದೀರ್ಘ, ಒತ್ತು ಎಲ್ಲವನ್ನೂ ಹುಡುಕಿ ಹುಡುಕಿ ಒತ್ತುತ್ತಾರೆ.

"ಬರೀ ಬರೀತಿ. ಬರ್ರಿ."

ಭಾನುವಾರ ಠಾಣೆಯಲ್ಲಿ ಟಿಟ್ವಾಳಾದ ಗಾಡಿ ಹತ್ತಿದೆ. ಬೋರ್ಡಿನ ಮೇಲೆ ಫಾಸ್ಟ್ ಎಂದೇ ಇತ್ತು. ಆದರೆ ಕಲ್ಯಾಣ ದಾಟಿದ ಮೇಲೆ ಯಾವ ಗಾಡಿಯಾದರೂ ಅಷ್ಟೆ, ಸ್ಟೇಷನ್ನು ಸ್ಟೇಷನ್ನಿಗೂ ನಿಂತೇ ಹೋಗುತ್ತದೆ.